ಓದುಗರ ಪ್ರಶ್ನೆ: ದೋಣಿಯ ತಳಕ್ಕೆ ವ್ಯಾಕ್ಸ್ ಸಾಕೇ?

ಮಳೆ ಹಿಂದೆ ಸರಿದು ದೋಣಿಗಳು ಶೆಡ್ಡಿನಿಂದ ಹೊರಬರುವ ಕಾಲ. ಕೊಡಗಿನ ಓದುಗರು ಈ ಬಾರಿ ಕೇಳಿದ್ದರಲ್ಲಿ ಹೆಚ್ಚಿನವು ದೋಣಿಯ ಮೈ ಕಾಯುವ ವ್ಯಾಕ್ಸ್, ಸೀಲಂಟ್, ಬಣ್ಣಗಳ ಕುರಿತವು. ಆಯ್ದ ಪ್ರಶ್ನೆಗಳಿಗೆ ಉತ್ತರ ಇಲ್ಲಿದೆ.

ಪ್ರಶ್ನೆ: ಸರ್, ನಮ್ಮ ತೋಟದ ಕೆರೆಯಲ್ಲಿ 14 ಅಡಿಯ ಬಿಳಿ ಫೈಬರ್ ದೋಣಿ ಇದೆ. ನವೆಂಬರ್‌ನಿಂದ ಮೇ ತನಕ ನೀರಿನಲ್ಲಿ, ಮಳೆಗಾಲದಲ್ಲಿ ಶೆಡ್ಡಿನಲ್ಲಿ ಇರುತ್ತದೆ. ಮೈ ಸವರಿದರೆ ಸುಣ್ಣದ ಹಾಗೆ ಪುಡಿ ಕೈಗೆ ಹತ್ತುತ್ತದೆ. ಹೋದ ವರ್ಷ ಕಾರಿನ ವ್ಯಾಕ್ಸ್ ಹಚ್ಚಿಸಿದೆ, ತಿಂಗಳೊಳಗೆ ಹೊಳಪು ಹೋಯಿತು. ಹೆಚ್ಚು ದಿನ ಬಾಳುವ ವ್ಯಾಕ್ಸ್ ಯಾವುದು?
— ಓದುಗರು, ಸುಂಟಿಕೊಪ್ಪ

ಉತ್ತರ: ವ್ಯಾಕ್ಸ್ ಬದಲಿಸಿದರೆ ಪ್ರಯೋಜನವಿಲ್ಲ, ಮೊದಲು ಆ ಪುಡಿ ಹೋಗಬೇಕು. ಫೈಬರ್ ದೋಣಿಯ ಹೊರಮೈ ಜೆಲ್‌ಕೋಟ್, ಅಂದರೆ ಬಣ್ಣ ಬೆರೆಸಿದ ಪಾಲಿಯೆಸ್ಟರ್ ರೆಸಿನ್‌ನ (ಗಟ್ಟಿಯಾಗುವ ಕೃತಕ ರಾಳದ) ಪದರ. ದಪ್ಪ ಸುಮಾರು ಅರ್ಧ ಮಿಲಿಮೀಟರ್. ಬಿಸಿಲಿನ ಅತಿನೇರಳೆ ಕಿರಣ ರೆಸಿನ್ನನ್ನು ಒಡೆಯುತ್ತಾ ಹೋದಂತೆ ಅದರೊಳಗಿನ ಬಣ್ಣದ ಕಣಗಳು ಹಿಡಿತ ತಪ್ಪಿ ಮೇಲೆ ಪುಡಿಯಾಗಿ ನಿಲ್ಲುತ್ತವೆ. ಅದರ ಮೇಲೆ ಹಚ್ಚಿದ ವ್ಯಾಕ್ಸ್ ಪುಡಿಗೆ ಅಂಟಿಕೊಂಡು, ಪುಡಿಯ ಜೊತೆಗೇ ಉದುರುತ್ತದೆ. ನಿಮ್ಮ ದೋಣಿಯಲ್ಲಿ ಆದದ್ದೂ ಇದೇ.

ಮೊದಲು ತೊಳೆಯಿರಿ. ಪಾತ್ರೆ ತೊಳೆಯುವ ಸೋಪು ಹಳೆಯ ವ್ಯಾಕ್ಸನ್ನೂ ಸ್ವಲ್ಪ ಮಟ್ಟಿಗೆ ತೆಗೆಯುತ್ತದೆ. ಹಾಗಾಗಿ ಈಗ ಅದನ್ನೇ ಬಳಸಿ, ಹೊಸ ವ್ಯಾಕ್ಸ್ ಹಚ್ಚಿದ ಮೇಲೆ ಮಾತ್ರ ಅದನ್ನು ದೂರವಿಡಿ. ಒಣಗಿದ ಮೇಲೆ ಮಿನರಲ್ ಟರ್ಪೆಂಟೈನ್‌ನಲ್ಲಿ ಅದ್ದಿದ ಬಟ್ಟೆಯಿಂದ ಒಂದೇ ದಿಕ್ಕಿನಲ್ಲಿ ಒರೆಸಿ, ಹಿಂದೆಯೇ ಇನ್ನೊಂದು ಒಣ ಬಟ್ಟೆಯಿಂದ ಎತ್ತಿಬಿಡಿ. ಒಂದೇ ಬಟ್ಟೆಯಲ್ಲಿ ಗುಂಡಗೆ ಉಜ್ಜಿದರೆ ಕರಗಿದ ವ್ಯಾಕ್ಸನ್ನು ಇಡೀ ಮೈಗೆ ಬಳಿದಂತಾಗುತ್ತದೆ. ಕಾರಿನ ವ್ಯಾಕ್ಸ್‌ಗಳಲ್ಲಿ ಎಷ್ಟೋ ಸಲ ಸಿಲಿಕೋನ್ ಎಣ್ಣೆ ಇರುತ್ತದೆ. ಅದು ಉಳಿದುಕೊಂಡರೆ ಮುಂದೆ ಬಣ್ಣ ಹೊಡೆಯುವಾಗ ಪೇಂಟರ್‌ಗಳು ಫಿಶ್ ಐ ಎನ್ನುವ ಸಣ್ಣ ಸಣ್ಣ ಕುಳಿಗಳು ಏಳುತ್ತವೆ.

ಪುಡಿ ತೆಳುವಾಗಿದ್ದರೆ ಬರೀ ರಬ್ಬಿಂಗ್ ಕಾಂಪೌಂಡ್ (ಮೈ ಉಜ್ಜಿ ನಯಮಾಡುವ ಪೇಸ್ಟ್) ಸಾಕು. ಒದ್ದೆ ಬೆರಳು ಒತ್ತಿದ ಜಾಗ ಕಪ್ಪಾಗಿ ನೀರು ಹೀರಿಕೊಂಡಂತೆ ಕಂಡರೆ ಜೆಲ್‌ಕೋಟ್ ರಂಧ್ರಬಿದ್ದಿದೆ ಎಂದರ್ಥ. ಆಗ 1000, ಆಮೇಲೆ 1500 ನಂಬರಿನ ವಾಟರ್ ಪೇಪರ್‌ನಿಂದ ನೀರು ಹಾಕುತ್ತಾ ತಿಕ್ಕಿ, ಅನಂತರ ಕಾಂಪೌಂಡ್, ಕೊನೆಗೆ ಫೈನ್ ಪಾಲಿಶ್. ಬಫಿಂಗ್ ಮೆಷಿನ್ ಇದ್ದರೆ ವೇಗ 1500 ಆರ್‌ಪಿಎಂ ದಾಟದಿರಲಿ. ಪ್ಯಾಡನ್ನು ಒಂದೇ ಕಡೆ ನಿಲ್ಲಿಸಬೇಡಿ, ಜೆಲ್‌ಕೋಟ್ ಬಿಸಿಯಾಗಿ ಸುಟ್ಟು ಹಳದಿಯಾಗುತ್ತದೆ. ಮೂಲೆ, ಅಂಚುಗಳಲ್ಲಿ ಪದರ ಮೊದಲೇ ತೆಳುವಾಗಿರುವುದರಿಂದ ಅಲ್ಲಿ ಕೈಯಿಂದಲೇ ಕೆಲಸ ಮಾಡಿ. ಪ್ರತಿ ವರ್ಷ ಪೇಪರ್ ಹಾಕಿ ತಿಕ್ಕುವ ಅಭ್ಯಾಸವೂ ಬೇಡ. ಇರುವುದೇ ಅರ್ಧ ಮಿಲಿಮೀಟರ್, ಅದು ತೀರಿದರೆ ಕೆಳಗೆ ಫೈಬರ್ ನಾರು ಕಾಣುತ್ತದೆ.

ಈಗ ವ್ಯಾಕ್ಸಿನ ಆಯ್ಕೆ. ಕಾರ್ನೌಬಾ ಎಂಬುದು ಬ್ರೆಜಿಲ್‌ನ ಒಂದು ತಾಳೆಯ ಎಲೆಯಿಂದ ತೆಗೆಯುವ ಮೇಣ. ನೈಸರ್ಗಿಕ ಮೇಣಗಳಲ್ಲೇ ಬಹಳ ಗಟ್ಟಿ, ಕರಗಲು 82 ಡಿಗ್ರಿ ದಾಟಬೇಕು. ಹೊಳಪಿನಲ್ಲಿ ಇದನ್ನು ಮೀರಿಸುವುದು ಕಷ್ಟ, ಆದರೆ ಬಯಲು ಬಿಸಿಲಿನಲ್ಲಿ ಎರಡು ಮೂರು ತಿಂಗಳಿಗಿಂತ ಹೆಚ್ಚು ನಿರೀಕ್ಷಿಸಬೇಡಿ. ಪಾಲಿಮರ್ ಸೀಲಂಟ್ ಎಂದರೆ ಮೇಣದ ಬದಲು ಹಚ್ಚುವ ಕೃತಕ ಲೇಪ, ಅದು ನಾಲ್ಕರಿಂದ ಆರು ತಿಂಗಳು ನಿಲ್ಲುತ್ತದೆ, ಹಚ್ಚುವುದೂ ಸುಲಭ. ಹಚ್ಚಿದ ಮೇಲೆ ಗಾಜಿನಂತೆ ಗಟ್ಟಿಯಾಗುವ ಸಿರಾಮಿಕ್ ಕೋಟಿಂಗ್ ಒಂದೆರಡು ವರ್ಷ ಬಾಳಬಹುದು. ಆದರೆ ಅದಕ್ಕೆ ಕಲೆ, ಗೀರು, ಜಿಡ್ಡು ಏನೂ ಇಲ್ಲದ ಮೈ ಬೇಕು. ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿದ ಮೇಲೆಯೇ ಹಚ್ಚಬೇಕು, ಹಚ್ಚಿ ಕೆಲವೇ ನಿಮಿಷದಲ್ಲಿ ಒರೆಸಿ ಸಮಮಾಡಬೇಕು. ಗಾಳಿಯಲ್ಲಿ ತೇವ ಹೆಚ್ಚಿದ್ದಷ್ಟೂ ಅದು ಬೇಗ ಗಟ್ಟಿಯಾಗುತ್ತದೆ. ನಮ್ಮ ಹವೆಯಲ್ಲಿ ಒರೆಸಲು ತಡವಾದ ಜಾಗಗಳು ಕಪ್ಪು ಪಟ್ಟೆಗಳಾಗಿ ಉಳಿದು, ಮತ್ತೆ ಪಾಲಿಶ್ ಹಾಕಿಯೇ ತೆಗೆಯಬೇಕಾಗುತ್ತದೆ. ಕೆಲಸ ಗೊತ್ತಿದ್ದವರು ಮಾಡಿದರೆ ಒಳ್ಳೆಯದು, ಮೊದಲ ಸಲ ಕೈಹಾಕುವವರಿಗೆ ಇದು ಬೇಡ.

ವರ್ಷದಲ್ಲಿ ಅರ್ಧ ಕಾಲ ಶೆಡ್ಡಿನಲ್ಲಿರುವ ನಿಮ್ಮ ದೋಣಿಗೆ ಪಾಲಿಮರ್ ಸೀಲಂಟೇ ಸರಿ. ನವೆಂಬರ್‌ನಲ್ಲಿ ನೀರಿಗಿಳಿಸುವ ಮೊದಲು ಎರಡು ಕೋಟು, ಫೆಬ್ರವರಿ ಕೊನೆಯಲ್ಲಿ ಇನ್ನೊಂದು. ಮೊದಲ ಎರಡು ಕೋಟುಗಳ ನಡುವೆ 12 ಗಂಟೆ ಬಿಡಿ, ಆ ಹೊತ್ತಿನಲ್ಲಿ ಇಬ್ಬನಿ ಬೀಳದಂತೆ ಶೆಡ್ಡಿನೊಳಗೇ ಇರಲಿ. ಬದಿಗಳು ಮತ್ತು ಹಿಂಬದಿ ಸೇರಿ ಸುಮಾರು 5 ಚದರ ಮೀಟರ್ ಆಗುತ್ತದೆ. ಪೇಸ್ಟ್ ರೂಪದ್ದಾದರೆ ಎರಡು ಕೋಟಿಗೆ 100 ಗ್ರಾಂ ಧಾರಾಳ. ದಪ್ಪ ಬಳಿದರೆ ಹೆಚ್ಚು ದಿನ ಬರುವುದಿಲ್ಲ, ಒರೆಸುವ ಕೆಲಸ ಮಾತ್ರ ಹೆಚ್ಚುತ್ತದೆ. ನೀರು ಚಿಮುಕಿಸಿದಾಗ ಹನಿಗಳು ಗುಂಡಗೆ ನಿಲ್ಲದೆ ಹರಡಿಕೊಂಡರೆ ಮತ್ತೆ ಹಚ್ಚುವ ಸಮಯ ಬಂದಿದೆ.

ಇಷ್ಟೆಲ್ಲ ಹೇಳಿದ್ದು ನೀರಿನ ಗೆರೆಯ ಮೇಲಿನ ಭಾಗಕ್ಕೆ. ತಿಂಗಳುಗಟ್ಟಲೆ ಮುಳುಗಿರುವ ತಳಕ್ಕೆ ವ್ಯಾಕ್ಸ್ ಆಗಲಿ, ಸೀಲಂಟ್ ಆಗಲಿ, ಸಾಮಾನ್ಯ ಸಿರಾಮಿಕ್ ಆಗಲಿ ಕಾವಲಲ್ಲ. ಅಂಗಡಿಯವರು ಏನೇ ಹೇಳಲಿ, ಡಬ್ಬಿಯ ಹಿಂದಿನ ಸಣ್ಣ ಅಕ್ಷರ ಓದಿ. ಮುಂದೆ ತಳಕ್ಕೆ ಎಪಾಕ್ಸಿ (ಬೇಸ್, ಹಾರ್ಡನರ್ ಎಂಬ ಎರಡು ದ್ರವ ಬೆರೆಸಿದಾಗ ಗಟ್ಟಿಯಾಗುವ ರೆಸಿನ್ ಬಣ್ಣ) ಹೊಡೆಸುವ ಯೋಚನೆ ಇದ್ದರಂತೂ ಅಲ್ಲಿಗೆ ವ್ಯಾಕ್ಸ್ ತಾಗಿಸಲೇಬೇಡಿ.

ಪ್ರಶ್ನೆ: ಕೆರೆಯ ಸುತ್ತ ಸಿಲ್ವರ್ ಓಕ್ ಮರಗಳಿವೆ. ಎಲೆ ಬಿದ್ದು ಕೊಳೆತು ದೋಣಿಯ ಸುತ್ತ ಕಂದು ಪಟ್ಟಿ ಬಂದಿದೆ. ಸೋಪಿಗೆ ಹೋಗುತ್ತಿಲ್ಲ. ಟಾಯ್ಲೆಟ್ ತೊಳೆಯುವ ಆಸಿಡ್ ಹಾಕಬಹುದೇ?
— ಓದುಗರು, ಸಿದ್ದಾಪುರ

ಉತ್ತರ: ಬೇಡ. ಅದರಲ್ಲಿ ಸಾಮಾನ್ಯವಾಗಿ ಇರುವ ಹೈಡ್ರೋಕ್ಲೋರಿಕ್ ಆಸಿಡ್ ಸ್ಟೀಲ್ ಬೋಲ್ಟ್, ಕೊಂಡಿಗಳನ್ನು ತಿನ್ನುತ್ತದೆ. ನಿಮ್ಮ ಕಲೆ ಎಲೆಯಿಂದ ಬಿಡುವ ಟ್ಯಾನಿನ್ ಎಂಬ ಒಗರು ಅಂಶ ಮತ್ತು ನೀರಿನ ಕಬ್ಬಿಣದ ಅಂಶ ಸೇರಿ ಆದದ್ದು. ಅದಕ್ಕೆ ಆಕ್ಸಾಲಿಕ್ ಆಸಿಡ್ ತಕ್ಕದ್ದು, ರಾಸಾಯನಿಕ ಮಾರುವ ಅಂಗಡಿಯಲ್ಲಿ ಪುಡಿಯಾಗಿ ಸಿಗುತ್ತದೆ. ಒಂದು ಲೀಟರ್ ಬೆಚ್ಚಗಿನ ನೀರಿಗೆ 50 ಗ್ರಾಂ ಕರಗಿಸಿ, ಪ್ಲಾಸ್ಟಿಕ್ ಬಕೆಟ್‌ನಲ್ಲೇ ಕರಗಿಸಿ, ಸ್ಪಂಜಿನಿಂದ ಹಚ್ಚಿ 10 ನಿಮಿಷ ಬಿಡಿ. ಒಣಗಲು ಬಿಡದೆ ಧಾರಾಳ ನೀರಿನಿಂದ ತೊಳೆಯಿರಿ. ಇದು ವಿಷ, ಚರ್ಮವನ್ನೂ ಸುಡುತ್ತದೆ. ರಬ್ಬರ್ ಕೈಗವಸು, ಕನ್ನಡಕ ಇಲ್ಲದೆ ಮುಟ್ಟಬೇಡಿ. ಬ್ಲೀಚಿಂಗ್ ಪೌಡರ್ ಜೊತೆ ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ, ಅದಂತೂ ಕೂಡದು. ದೋಣಿಯನ್ನು ದಡಕ್ಕೆ ತಂದು, ತೊಳೆದ ನೀರು ಕೆರೆಗೆ ಇಳಿಯದ ಕಡೆ ಮಾಡಿ. ಗ್ಯಾಲ್ವನೈಸ್ ಮಾಡಿದ ಟ್ರಾಲಿಗೆ ಈ ದ್ರಾವಣ ತಾಗಿದರೆ ಅದರ ಸತುವಿನ ಲೇಪ ಹಾಳಾಗುತ್ತದೆ. ಕಲೆ ಹೋದ ಜಾಗದಲ್ಲಿ ವ್ಯಾಕ್ಸೂ ಹೋಗಿರುತ್ತದೆ, ಮತ್ತೆ ಹಚ್ಚಬೇಕು.

ಪ್ರಶ್ನೆ: ನಮ್ಮ 16 ಅಡಿಯ ಫೈಬರ್ ದೋಣಿ ವರ್ಷವಿಡೀ ನೀರಿನಲ್ಲೇ ಇರುತ್ತದೆ. ಈ ಸಲ ಮೇಲೆತ್ತಿದಾಗ ತಳದ ತುಂಬಾ ಕಾಳಿನ ಗಾತ್ರದ ಗುಳ್ಳೆಗಳು. ಒಂದನ್ನು ಚುಚ್ಚಿದರೆ ಹುಳಿ ವಾಸನೆಯ ನೀರು ಬಂತು. ಒಳ್ಳೆಯ ಸೀಲಂಟ್ ಹಚ್ಚಿದರೆ ನಿಲ್ಲುತ್ತದೆಯೇ? ತಳ ಸುಮಾರು 8 ಚದರ ಮೀಟರ್ ಇದೆ.
— ಓದುಗರು, ನಂಜರಾಯಪಟ್ಟಣ

ಉತ್ತರ: ನಿಲ್ಲುವುದಿಲ್ಲ. ತೇವ ಒಳಗಿರುವಾಗಲೇ ಮೇಲಿನಿಂದ ಮುಚ್ಚಿದರೆ ರೋಗ ಇನ್ನೂ ಕೆಡುತ್ತದೆ. ಜೆಲ್‌ಕೋಟ್ ಪೂರ್ತಿ ಜಲನಿರೋಧಕವಲ್ಲ, ನೀರು ನಿಧಾನವಾಗಿ ಒಳಸೇರುತ್ತಲೇ ಇರುತ್ತದೆ. ಒಳಗಿನ ರೆಸಿನ್‌ನಲ್ಲಿ ಕರಗಬಲ್ಲ ಅಂಶಗಳಿದ್ದರೆ ಅವು ಆ ನೀರಿನಲ್ಲಿ ಕರಗಿ ಆಮ್ಲದ ದ್ರಾವಣವಾಗುತ್ತದೆ. ಆ ಗಾಢ ದ್ರಾವಣ ಹೊರಗಿನ ತೆಳು ನೀರನ್ನು ಇನ್ನಷ್ಟು ಎಳೆದುಕೊಂಡು, ಒತ್ತಡ ಹೆಚ್ಚಿ ಗುಳ್ಳೆ ಏಳುತ್ತದೆ. ಇದಕ್ಕೆ ಆಸ್ಮಾಸಿಸ್ ಎನ್ನುತ್ತಾರೆ. ಸಿಹಿನೀರಿನಲ್ಲಿ ಉಪ್ಪಿಲ್ಲದ ಕಾರಣ ಈ ಎಳೆತ ಸಮುದ್ರಕ್ಕಿಂತ ಜೋರು. ಹೊಳೆನೀರು ದೋಣಿಗೆ ಸೌಮ್ಯ ಎಂಬ ನಂಬಿಕೆ ಈ ಒಂದು ವಿಷಯದಲ್ಲಿ ಸುಳ್ಳು.

ಗುಳ್ಳೆಗಳನ್ನೆಲ್ಲ ಗ್ರೈಂಡರ್ ಅಥವಾ ಸ್ಕ್ರೇಪರ್‌ನಿಂದ ತೆರೆದು, ಗಟ್ಟಿ ಮೈ ಸಿಗುವ ತನಕ ಅಂಚು ಬಿಡಿಸಿ. ಹುಳಿ ನೀರು ಒಳಗೆ ಉಳಿಯಬಾರದು. ವಾರಕ್ಕೆ ಎರಡು ಮೂರು ಸಲ ಶುದ್ಧ ನೀರನ್ನು ಜೋರಾಗಿ ಬಿಟ್ಟು ತೊಳೆಯುತ್ತಾ ಬನ್ನಿ. ಇದನ್ನು ತಪ್ಪಿಸಿ ಬರೀ ಒಣಗಿಸಿದರೆ ನೀರು ಆರಿದರೂ ಆಮ್ಲದ ಅಂಶ ಅಲ್ಲೇ ಕೂತು, ಮತ್ತೆ ನೀರಿಗಿಳಿದಾಗ ಗುಳ್ಳೆ ಮರಳುತ್ತದೆ. ಆಮೇಲೆ ಗಾಳಿಯಾಡುವ ಚಪ್ಪರದ ಕೆಳಗೆ ವಾರಗಟ್ಟಲೆ ಒಣಗಬೇಕು. ಒಣಗಿತೇ ಎಂದು ನೋಡಲು ಒಂದಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ತಳಕ್ಕೆ ಟೇಪಿನಿಂದ ಅಂಟಿಸಿ, ಹಗಲು ಬಿಸಿಲು ತಾಗಲು ಬಿಟ್ಟು, ಮಾರನೆಯ ದಿನ ನೋಡಿ. ಹಾಳೆಯ ಒಳಮೈಯಲ್ಲಿ ಹನಿ ಕೂತಿದ್ದರೆ ಇನ್ನೂ ಕಾಯಬೇಕು.

ಕೊಡಗಿನಲ್ಲಿ ಈ ಕೆಲಸಕ್ಕೆ ಕಾಲ ಬಹಳ ಕಿರಿದು. ಜೂನ್‌ನಿಂದ ಸೆಪ್ಟೆಂಬರ್ ತನಕ ಯೋಚಿಸಲೂಬೇಡಿ. ಡಿಸೆಂಬರ್‌ನಲ್ಲಿ ಮೇಲೆತ್ತಿ, ಜನವರಿಯಲ್ಲಿ ತೊಳೆದು ಒಣಗಿಸಿ, ಫೆಬ್ರವರಿಯಲ್ಲಿ ಎಪಾಕ್ಸಿ ಹೊಡೆದು ಕಾಫಿ ಹೂವರಳಿಸುವ ಹೂಮಳೆಗೆ ಮೊದಲು ಮುಗಿಸುವ ಲೆಕ್ಕ ಇಟ್ಟುಕೊಳ್ಳಿ.

ತೆರೆದ ಕುಳಿಗಳಿಗೆ ಎಪಾಕ್ಸಿ ಪುಟ್ಟಿಯನ್ನೇ ತುಂಬಿ. ಕಾರ್ ಗ್ಯಾರೇಜಿನ ಪಾಲಿಯೆಸ್ಟರ್ ಪುಟ್ಟಿಯಲ್ಲಿರುವ ಟಾಲ್ಕ್ ಪುಡಿ ನೀರು ಹೀರುತ್ತದೆ, ತಳಕ್ಕೆ ಅದು ಪ್ರಯೋಜನವಿಲ್ಲ. ಪುಟ್ಟಿ ಗಟ್ಟಿಯಾದ ಮೇಲೆ ಇಡೀ ತಳವನ್ನು 80 ನಂಬರ್ ಪೇಪರಿನಿಂದ ಮಂಕು ಬರುವಂತೆ ತಿಕ್ಕಿ. ಹೊಳಪು ಉಳಿದ ಕಡೆಯಲ್ಲೆಲ್ಲ ಎಪಾಕ್ಸಿ ಸುಲಿದು ಬರುತ್ತದೆ. ಹಳೆ ವ್ಯಾಕ್ಸ್ ಇದ್ದರೆ ತಿಕ್ಕುವ ಮೊದಲೇ ತೆಗೆಯಿರಿ, ಇಲ್ಲವಾದರೆ ಪೇಪರ್ ಅದನ್ನು ಗೀರುಗಳೊಳಗೆ ತುಂಬಿಬಿಡುತ್ತದೆ.

ಎಷ್ಟು ಬೇಕು? ನೀರು ತಡೆಯುವ ಈ ಎಪಾಕ್ಸಿ ಪದರ ಒಣಗಿದ ಮೇಲೆ ಒಟ್ಟು 250 ಮೈಕ್ರಾನ್, ಅಂದರೆ ಕಾಲು ಮಿಲಿಮೀಟರ್ ಇರಬೇಕು. 8 ಚದರ ಮೀಟರಿಗೆ ಅದು 2 ಲೀಟರ್ ಗಟ್ಟಿ ಪದರ. ಡಬ್ಬಿಯಲ್ಲಿ ಘನಾಂಶ ಪರಿಮಾಣದಲ್ಲಿ ಶೇ 50 ಎಂದಿದ್ದರೆ 4 ಲೀಟರ್ ಬೇಕು. ರೋಲರ್, ಟ್ರೇಗೆ ಅಂಟಿ ಹೋಗುವುದನ್ನೂ ಸೇರಿಸಿ ನಾಲ್ಕೂವರೆ ಲೀಟರ್ ತನ್ನಿ. ಒಂದು ಕೋಟಿಗೆ 800 ಮಿಲಿಲೀಟರಿನಂತೆ ಐದು ಕೋಟು. ಒಂದೇ ಬಣ್ಣವಾದರೆ ಎಲ್ಲಿ ಬಿಟ್ಟುಹೋಯಿತು ಎಂದು ಗೊತ್ತಾಗುವುದಿಲ್ಲ, ಬೂದು ಮತ್ತು ಬಿಳಿ ಎರಡು ಬಣ್ಣದಲ್ಲಿ ತಂದು ಒಂದಾದ ಮೇಲೊಂದು ಹೊಡೆಯಿರಿ. ಎರಡು ಕೋಟಿಗೆ ಮುಗಿಸಿ ಉಳಿದದ್ದನ್ನು ಪಂಪ್ ಶೆಡ್ಡಿನ ಗೇಟಿಗೆ ಬಳಿಯುವುದು ನಮ್ಮಲ್ಲಿ ಸಾಮಾನ್ಯ. ದಪ್ಪ ಸಾಲದ ಪದರದಲ್ಲಿ ನೀರು ಮತ್ತೆ ಒಳಹೋಗುತ್ತದೆ, ಅಷ್ಟೂ ದುಡಿಮೆ ದಂಡ.

ಬೇಸ್ ಮತ್ತು ಹಾರ್ಡನರ್ ಪ್ರಮಾಣವನ್ನು ಅಳತೆ ಲೋಟದಲ್ಲೇ ಅಳೆಯಿರಿ. ಬೇಗ ಗಟ್ಟಿಯಾಗಲಿ ಎಂದು ಹಾರ್ಡನರ್ ಹೆಚ್ಚು ಸುರಿದರೆ ಎಪಾಕ್ಸಿ ಬೇಗ ಗಟ್ಟಿಯಾಗುವುದಿಲ್ಲ, ಮೆತ್ತಗೆ ಉಳಿಯುತ್ತದೆ. ಬೆಳಿಗ್ಗೆ ಮಂಜು ಪೂರ್ತಿ ಹರಿದ ಮೇಲೆ, 10 ಗಂಟೆ ಸುಮಾರಿಗೆ ಆರಂಭಿಸಿ ಮಧ್ಯಾಹ್ನ 2ರೊಳಗೆ ಆ ದಿನದ ಕೋಟು ಮುಗಿಸಿ. ತೇವಾಂಶ ಶೇ 85ಕ್ಕಿಂತ ಕಡಿಮೆ ಇರಲಿ, ದೋಣಿಯ ಮೈ ಇಬ್ಬನಿ ಕಟ್ಟುವ ಉಷ್ಣಾಂಶಕ್ಕಿಂತ ಕನಿಷ್ಠ 3 ಡಿಗ್ರಿ ಬಿಸಿ ಇರಲಿ. ಹಸಿ ಎಪಾಕ್ಸಿಗೆ ಸಂಜೆಯ ತಂಪು ತಾಗಿದರೆ ಮೇಲೆ ಜಿಡ್ಡಿನಂಥ ಪೊರೆ ಏಳುತ್ತದೆ. ಹಾರ್ಡನರ್‌ನಲ್ಲಿರುವ ಅಮೈನ್ ಎಂಬ ರಾಸಾಯನಿಕ ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡ್ ಜೊತೆ ಕೂಡಿ ಆಗುವುದು ಅದು. ಥಿನ್ನರ್‌ನಿಂದ ಒರೆಸಿದರೆ ಹರಡುತ್ತದೆ ಅಷ್ಟೇ. ಬರೀ ನೀರು ಮತ್ತು ಸ್ಕ್ರಬ್ ಪ್ಯಾಡಿನಿಂದ ತೊಳೆದು ಒಣಗಿಸಿದ ಮೇಲೆ ಮುಂದಿನ ಕೋಟು ಹೊಡೆಯಿರಿ. ಬೆರಳು ಒತ್ತಿದರೆ ಗುರುತು ಮೂಡಬೇಕು, ಬಣ್ಣ ಬೆರಳಿಗೆ ಹತ್ತಬಾರದು. ಮುಂದಿನ ಕೋಟಿಗೆ ಅದೇ ಹದ. ಹದ ಮೀರಿದರೆ ಮತ್ತೆ ಪೇಪರ್ ಹಾಕಿ ತಿಕ್ಕಲೇಬೇಕು.

ಎಪಾಕ್ಸಿ ಬಿಸಿಲಿಗೆ ಪುಡಿಯಾಗುತ್ತದೆ. ನೀರಿನ ಗೆರೆಯಿಂದ ಮೇಲೆ ಬಂದ ಭಾಗಕ್ಕೆ ಪಿ.ಯು. (ಪಾಲಿಯುರೆಥೇನ್) ಬಣ್ಣ ಹೊಡೆಯಿರಿ. ಅದೇ ಪಿ.ಯು. ಬಣ್ಣವನ್ನು ಸದಾ ಮುಳುಗಿರುವ ಭಾಗಕ್ಕೂ ಇಳಿಸಿದರೆ ಅಲ್ಲಿ ಬಣ್ಣವೇ ಗುಳ್ಳೆ ಏಳುತ್ತದೆ. ಮುಳುಗಿರುವ ಕಡೆಗೆಂದೇ ತಯಾರಾದ ಬಣ್ಣ ಸಿಕ್ಕರೆ ಮಾತ್ರ ಅಲ್ಲಿಗೆ ಹಾಕಿ, ಸಿಗದಿದ್ದರೆ ಎಪಾಕ್ಸಿಯೇ ಹೊರಮೈಯಾಗಿ ಇರಲಿ. ಕೊನೆಯ ಕೋಟಾದ ಮೇಲೆ ಏಳು ದಿನ ನೀರಿಗಿಳಿಸಬೇಡಿ. ಮುಂದಿನ ವರ್ಷದಿಂದ ಮಳೆಗಾಲದಲ್ಲಾದರೂ ದೋಣಿಯನ್ನು ಮೇಲೆತ್ತಿ ಇಡಿ.

ಪ್ರಶ್ನೆ: ಮಂಗಳೂರಿನ ಕಡೆ ಮೀನುಗಾರಿಕೆ ದೋಣಿಗಳ ತಳಕ್ಕೆ ಹೊಡೆಯುವ ಕೆಂಪು ಬಣ್ಣ ನಮಗೂ ಸಿಗುತ್ತದೆ. ಪಾಚಿ ಹಿಡಿಯುವುದಿಲ್ಲವಂತೆ. ಕಾವೇರಿಯಲ್ಲಿ ಓಡುವ ದೋಣಿಗೆ ಹೊಡೆಸಬಹುದೇ?
— ಓದುಗರು, ಕುಶಾಲನಗರ

ಉತ್ತರ: ದಯವಿಟ್ಟು ಬೇಡ. ಆ ಕೆಂಪು ಬಣ್ಣಗಳಲ್ಲಿ ಹೆಚ್ಚಿನವು ತಾಮ್ರದ ಆಕ್ಸೈಡ್ ಇರುವವು. ತಾಮ್ರ ನಿಧಾನವಾಗಿ ನೀರಿಗೆ ಬಿಡುಗಡೆಯಾಗಿ ಜೀವಿಗಳನ್ನು ಕೊಲ್ಲುವುದೇ ಅದರ ಕೆಲಸ. ಸಮುದ್ರದಲ್ಲಿ ತಳಕ್ಕೆ ಗಟ್ಟಿಯಾಗಿ ಕಚ್ಚುವ ಚಿಪ್ಪುಜೀವಿಗಳಿಗೆ ಅದು ಬೇಕು. ಅವು ಕಾವೇರಿಯ ಸಿಹಿನೀರಿನಲ್ಲಿ ಇಲ್ಲ. ನಿಮ್ಮಲ್ಲಿ ಹಿಡಿಯುವುದು ಪಾಚಿ ಮತ್ತು ಕೆಸರು, ಎರಡೂ ಮೆತ್ತಗಿನ ಬ್ರಷ್‌ಗೆ ಹೋಗುತ್ತವೆ. ಇದೇ ನೀರು ಕೆಳಗೆ ಮೈಸೂರು, ಬೆಂಗಳೂರಿಗೆ ಕುಡಿಯಲು ಹೋಗುತ್ತದೆ ಎಂಬುದೂ ನೆನಪಿರಲಿ. ಇದಕ್ಕಿಂತ ಘೋರವಾಗಿದ್ದ ತವರ ಬೆರೆತ ಟಿಬಿಟಿ (ಟ್ರೈಬ್ಯುಟೈಲ್ ಟಿನ್) ಬಣ್ಣಗಳನ್ನು 2008ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಒಪ್ಪಂದ ನಿಷೇಧಿಸಿದೆ. ಎಲ್ಲಾದರೂ ಹಳೆ ದಾಸ್ತಾನು ಅಗ್ಗವಾಗಿ ಸಿಕ್ಕರೂ ಮುಟ್ಟಬೇಡಿ. ದೋಣಿ ಅಲ್ಯೂಮಿನಿಯಂನದಾದರೆ ತಾಮ್ರದ ಬಣ್ಣ ಲೋಹವನ್ನೇ ತೂತು ಮಾಡುತ್ತದೆ. ಮೋಟಾರ್ ಇದ್ದರೆ ಅದರ ಆನೋಡ್ (ಮೋಟಾರಿನ ಬದಲು ತಾನು ಸವೆದು ಅದನ್ನು ಕಾಯುವ ಲೋಹದ ತುಂಡು) ಯಾವುದೆಂದು ನೋಡಿ. ಸಮುದ್ರಕ್ಕೆಂದು ಬಂದ ಸತುವಿನ ಆನೋಡ್ ಸಿಹಿನೀರಿನಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ, ಮೆಗ್ನೀಸಿಯಂನದು ಹಾಕಿಸಿ.

ಪ್ರಶ್ನೆ: ನಮ್ಮಲ್ಲಿ ಜೇನು ಸಾಕಣೆ ಇದೆ, ಮೇಣ ಬೇಕಾದಷ್ಟು ಉಳಿಯುತ್ತದೆ. ಹೆಬ್ಬಲಸಿನ ಹಲಗೆಯ ಸಣ್ಣ ದೋಣಿಗೆ ಜೇನುಮೇಣ ಬಳಿದರೆ ಹೇಗೆ?
— ಓದುಗರು, ಭಾಗಮಂಡಲ

ಉತ್ತರ: ಜೇನುಮೇಣ 62ರಿಂದ 64 ಡಿಗ್ರಿಗೆ ಕರಗುತ್ತದೆ, ಅದಕ್ಕೂ ಬಹಳ ಮೊದಲೇ ಮೆತ್ತಗಾಗುತ್ತದೆ. ಮಾರ್ಚ್ ಬಿಸಿಲಿಗೆ ಗಾಢಬಣ್ಣದ ಮರದ ಮೇಲೆ ಅಂಟಂಟಾಗಿ ಧೂಳು, ಕಸ ಹಿಡಿಯುತ್ತದೆ. ಒಮ್ಮೆ ಮರದೊಳಗೆ ಇಳಿದರೆ ಮುಂದೆ ಯಾವ ಬಣ್ಣವೂ ಹಿಡಿಯುವುದಿಲ್ಲ. ಹುಟ್ಟಿನ ಹಿಡಿಗೆ, ಹಗ್ಗಕ್ಕೆ, ಬಿಗಿಯಾದ ಸ್ಕ್ರೂಗಳಿಗೆ ಬಳಸಿ. ಒಂದು ಪಾಲು ಮೇಣ, ನಾಲ್ಕು ಪಾಲು ಬಾಯಿಲ್ಡ್ ಅಗಸೆ ಎಣ್ಣೆಯನ್ನು ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿದರೆ ಹಿಡಿಗೆ ಒಳ್ಳೆಯ ಲೇಪ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನೇ ಬಿಸಿಯೇರಿ ಹೊತ್ತಿಕೊಳ್ಳುತ್ತದೆ. ಬಿಡಿಸಿ ಒಣಹಾಕಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ.

ಹೆಬ್ಬಲಸು ದೋಣಿಗೆ ಹೇಳಿ ಮಾಡಿಸಿದ ಮರ, ಕೇರಳದ ಚುಂಡನ್ ವಳ್ಳ ಎಂಬ ಹಾವಿನಾಕಾರದ ಪಂದ್ಯದ ದೋಣಿಗಳೂ ಇದರವೇ. ತಳಕ್ಕೆ ಕರಾವಳಿಯವರು ಬಳಸುವ ಗೇರುಬೀಜದ ಸಿಪ್ಪೆಯ ಎಣ್ಣೆ ಈಗಲೂ ಒಳ್ಳೆಯ ಆಯ್ಕೆ. ಚರ್ಮ ಸುಡುವುದರಿಂದ ಕೈಗವಸು ಕಡ್ಡಾಯ. ಒಣ ಮರಕ್ಕೆ ತೆಳುವಾಗಿ ಎರಡು ಮೂರು ಸಲ, ಹಿಂದಿನದು ಹೀರಿ ಒಣಗಿದ ಮೇಲೆಯೇ ಮುಂದಿನದು. ಹಲಗೆಯ ಕೊನೆಗಳು, ಮೊಳೆಯ ತೂತುಗಳಿಗೆ ದುಪ್ಪಟ್ಟು ಹಚ್ಚಿ, ನೀರು ಮೊದಲು ಹೊಗುವುದು ಅಲ್ಲಿಂದ. ಮರದ ದೋಣಿಯನ್ನು ಕೊಳೆಸುವುದರಲ್ಲಿ ಹೊಳೆನೀರಿಗಿಂತ ಒಳಗೆ ನಿಂತ ಮಳೆನೀರು ಮುಂದು. ಮಗುಚಿ ಹಾಕಿ, ನೆಲದಿಂದ ಒಂದಡಿ ಎತ್ತರದಲ್ಲಿ, ಗಾಳಿಯಾಡುವಂತೆ ಇಡಿ. ಟಾರ್ಪಾಲು ಬಿಗಿಯಾಗಿ ಸುತ್ತಿದರೆ ಒಳಗೇ ಬೂಸ್ಟು ಹಿಡಿಯುತ್ತದೆ.

ಪ್ರಶ್ನೆ: ಬರಪೊಳೆಯಲ್ಲಿ ಓಡಿಸುವ ಗಾಳಿ ತುಂಬಿದ ರಾಫ್ಟ್‌ಗಳಿಗೂ ವ್ಯಾಕ್ಸ್ ಹಾಕಬಹುದೇ?
— ಓದುಗರು, ಶ್ರೀಮಂಗಲ

ಉತ್ತರ: ಇಲ್ಲ. ಮೈ ಜಾರುತ್ತದೆ, ಮೇಲೆ ಕೂತವರು ನೀರಿಗೆ ಬೀಳುತ್ತಾರೆ, ತೇಪೆಯೂ ಅಂಟುವುದಿಲ್ಲ. ರಬ್ಬರ್ ಮತ್ತು ಪಿವಿಸಿಗೆಂದೇ ಬರುವ, ನೀರಿನ ಆಧಾರದ, ಅತಿನೇರಳೆ ಕಿರಣ ತಡೆಯುವ ಸ್ಪ್ರೇ ಸಾಕು, ಅದೂ ಕೂರುವ ಜಾಗ ಬಿಟ್ಟು. ಪೆಟ್ರೋಲ್, ಸೀಮೆಎಣ್ಣೆ, ಥಿನ್ನರ್‌ನಿಂದ ಒರೆಸಬೇಡಿ. ತೇಪೆ ಹಾಕುವ ಮೊದಲು ರಾಫ್ಟ್ ಪಿವಿಸಿಯದೋ ಹೈಪಲಾನ್ ಎಂಬ ಕೃತಕ ರಬ್ಬರಿನದೋ ತಿಳಿದುಕೊಳ್ಳಿ, ಎರಡಕ್ಕೂ ಅಂಟು ಬೇರೆ ಬೇರೆ.

ಪ್ರಶ್ನೆ: ಬಿದಿರಿನ ಹರಿಗೋಲಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಸಿದ್ದೇವೆ. ಬೇಸಿಗೆಯಲ್ಲಿ ಕರಗಿ ಕಾಲಿಗೆ ಅಂಟುತ್ತದೆ, ಮಳೆ ಬಂದರೆ ಸಿಪ್ಪೆ ಸುಲಿದಂತೆ ಏಳುತ್ತದೆ.
— ಓದುಗರು, ಗುಡ್ಡೆಹೊಸೂರು

ಉತ್ತರ: ಎರಡು ತೊಂದರೆಗೆ ಎರಡು ಕಾರಣ. ಅಂಟುವುದು ರಸ್ತೆಗೆ ಹಾಕುವ ಮೆದು ಡಾಂಬರು ಬಳಸಿದ್ದರಿಂದ. ಛಾವಣಿ ಕೆಲಸಕ್ಕೆ ಬರುವ 85/25 ದರ್ಜೆಯ ಬ್ಲೋನ್ ಬಿಟುಮೆನ್ ಸುಮಾರು 85 ಡಿಗ್ರಿಗೆ ಮೆತ್ತಗಾಗುತ್ತದೆ, ನಮ್ಮ ಬಿಸಿಲಿಗೆ ಜಗ್ಗುವುದಿಲ್ಲ. ಏಳುವುದು ಡಾಂಬರು ಪ್ಲಾಸ್ಟಿಕ್‌ಗೆ ಹಿಡಿಯದ ಕಾರಣ. ಅದಕ್ಕೆ ಕಚ್ಚಲು ನೂಲು ಬೇಕು. ಪ್ಲಾಸ್ಟಿಕ್ ಹಾಳೆಯ ಮೇಲೆ ಗೋಣಿ ಅಥವಾ ದಪ್ಪ ಹತ್ತಿಬಟ್ಟೆಯನ್ನು ಎಳೆದು ಹೊಲಿದು, ಪೂರ್ತಿ ಒಣಗಿದ ಬಟ್ಟೆಗೆ ಬಿಸಿ ಡಾಂಬರನ್ನು ತೆಳುವಾಗಿ ಎರಡು ಸಲ ಬಳಿಯಿರಿ. ಹೊಗೆಯೇಳುವಷ್ಟು ಕಾಯಿಸಿದರೆ ಕೆಳಗಿನ ಪ್ಲಾಸ್ಟಿಕ್ ಕರಗುತ್ತದೆ, ಬ್ರಷ್‌ನಲ್ಲಿ ಹರಿಯುವಷ್ಟು ಬಿಸಿ ಸಾಕು. ಕಾಯುತ್ತಿರುವ ಡಾಂಬರಿಗೆ ಒಂದು ಹನಿ ನೀರು ಬಿದ್ದರೂ ಉಕ್ಕಿ ಮೈಮೇಲೆ ಎರಚುತ್ತದೆ, ಡಬ್ಬವನ್ನು ಅರ್ಧಕ್ಕಿಂತ ಹೆಚ್ಚು ತುಂಬಬೇಡಿ. ಒಳಭಾಗಕ್ಕೆ ಡಾಂಬರು ಬೇಡ. ಬಿದಿರಿಗೆ ಗಾಳಿ ಆಡಿದಷ್ಟೂ ಕುಟ್ಟೆ ಹಿಡಿಯುವುದು ಕಡಿಮೆ.